ಕೀನ್ಯಾದ ಸಾಕು ಕುಟುಂಬಗಳಿಗೆ ಜಮಖಂಡಿಯಿಂದ ದುಡ್ಡು ಕಳಿಸುವ ಮುಂಚೆ

ಪ್ರಶ್ನೆ: ನಾನು ಜಮಖಂಡಿಯವಳು. ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆಗಿದ್ದೇನೆ. ಯಜಮಾನರಿಗೂ ಪೆನ್ಷನ್ ಬರುತ್ತದೆ. ಮಗ ಕೀನ್ಯಾದ ಕಿಸುಮು ಊರಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ತಂದೆ-ತಾಯಿ ಇಲ್ಲದ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸದೆ ಹಳ್ಳಿಯ ಕುಟುಂಬಗಳಲ್ಲಿ ಇಟ್ಟು ಸಾಕಿಸುವ ಒಂದು ಸಂಸ್ಥೆ ಇದೆಯಂತೆ. ಆ ಕುಟುಂಬಗಳಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡುತ್ತಾರೆ. ನಾವೂ ತಿಂಗಳಿಗೆ 3,000 ರೂಪಾಯಿ ಕೊಡೋಣ ಅಂತ ಮನಸ್ಸು ಮಾಡಿದ್ದೇವೆ. ಆದರೆ ನಮ್ಮ ಮಹಿಳಾ ಸಂಘದವರು ಬೇರೆ ಹೇಳುತ್ತಾರೆ. "ದುಡ್ಡಿನ ಸಲುವಾಗಿ ಮಗು ಇಟ್ಟುಕೊಳ್ಳೋರು ಎಂಥಾ ತಂದೆ-ತಾಯಿ? ಅದರ ಬದಲು ಅನಾಥಾಲಯಕ್ಕೆ ಒಂದು ಕೋಣೆ ಕಟ್ಟಿಸಿ, ನಿಮ್ಮ ಅತ್ತೆಯವರ ಹೆಸರು ಹಾಕಿಸಿ" ಅನ್ನುತ್ತಾರೆ. "ನಮ್ಮಲ್ಲೇ ಅಂಥ ಮಕ್ಕಳಿಲ್ವಾ?" ಅಂತಲೂ ಕೇಳುತ್ತಾರೆ. ಮಗಳ ಮಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಯಲ್ಲಿ ಅವನು ಹೋಗಿ ಆ ಮಕ್ಕಳ ಜೊತೆ ಇದ್ದು ಬರಬಹುದಾ? ನಾವು ದುಡ್ಡು ಕೊಡುವ ಮಗುವಿನ ಫೋಟೋ, ಪತ್ರ ತರಿಸಿಕೊಳ್ಳಬಹುದಾ? ಇಲ್ಲಿಂದ ಹೊರದೇಶಕ್ಕೆ ದುಡ್ಡು ಕಳಿಸೋದು ಕಾಯ್ದೆ ಪ್ರಕಾರ ಸರಿನಾ?

ಉತ್ತರ: ಕೊಡಿ. ಕೋಣೆಗೆ ಬೇಡ, ಕುಟುಂಬಕ್ಕೆ ಕೊಡಿ. ಆದರೆ ಕೊಡುವ ಮೊದಲು ಆ ಸಂಸ್ಥೆಯನ್ನು ಒಂದು ಮಾತು ಕೇಳಿ. ಮಗುವನ್ನು ಒಂದು ಮನೆಯಲ್ಲಿ ಬಿಟ್ಟು ಬಂದ ಮೇಲೆ ಆ ಮನೆಗೆ ಹೋಗಿ ನೋಡುವವರು ಯಾರು? ಎಷ್ಟು ಸಲ ಹೋಗುತ್ತಾರೆ? ಅವರ ಪಗಾರ ಎಲ್ಲಿಂದ ಬರುತ್ತದೆ? ಸಾಕು ಕುಟುಂಬದ ಕೆಲಸ ನಿಂತಿರುವುದೇ ಇದರ ಮೇಲೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಗೊಂದಲ ಬಿಡಿಸೋಣ. ಮಗುವನ್ನು ಸಾಕಲು ಇಟ್ಟುಕೊಳ್ಳುವುದು ದತ್ತಕ ಅಲ್ಲ. ದತ್ತಕ ತಗೊಂಡರೆ ಮಗು ಆ ಮನೆಯ ವಾರಸುದಾರ ಆಗುತ್ತದೆ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ. 1824ರ ಕಿತ್ತೂರಿನ ಜಗಳ ಶುರುವಾಗಿದ್ದೇ ದತ್ತಕ ಮಗ ಶಿವಲಿಂಗಪ್ಪನನ್ನು ಕಂಪನಿ ಸರಕಾರ ಒಪ್ಪಲಿಲ್ಲ ಅಂತ. ಸಾಕು ಕುಟುಂಬದಲ್ಲಿ ಆಸ್ತಿಯ ಮಾತಿಲ್ಲ, ಅಡ್ಡಹೆಸರು ಬದಲಾಗೋದಿಲ್ಲ. ಮಗುವಿಗೆ ತನ್ನವರು ಯಾರಾದರೂ ಇದ್ದರೆ ಅವರ ಸಂಬಂಧವೂ ಹರಿಯೋದಿಲ್ಲ. ಮಗು ಆ ಮನೆಯಲ್ಲಿ ಉಣ್ಣುತ್ತದೆ, ಮಲಗುತ್ತದೆ, ಅಲ್ಲಿಂದಲೇ ಶಾಲೆಗೆ ಹೋಗುತ್ತದೆ. ಕೆಲವು ಮಕ್ಕಳು ಆರು ತಿಂಗಳಲ್ಲಿ ಸ್ವಂತ ಅಜ್ಜಿಯ ಹತ್ತಿರ ವಾಪಸ್ ಹೋಗುತ್ತಾರೆ. ಕೆಲವರು ದೊಡ್ಡವರಾಗುವ ತನಕ ಅಲ್ಲೇ ಇರುತ್ತಾರೆ.

ಈಗ ಕೋಣೆಯ ವಿಷಯ. ಅನಾಥಾಲಯಕ್ಕೂ ಮನೆಗೂ ಏನು ವ್ಯತ್ಯಾಸ ಅನ್ನುವುದು ಬರೀ ಭಾವನೆಯ ಮಾತಾಗಿ ಉಳಿದಿಲ್ಲ. ಅದನ್ನು ಅಳೆದು ನೋಡಿದ್ದಾರೆ. 1989ರಲ್ಲಿ ರೊಮೇನಿಯಾದ ಸರ್ವಾಧಿಕಾರಿ ಚೌಸೆಸ್ಕುವಿನ ಆಡಳಿತ ಬಿದ್ದಾಗ ಅಲ್ಲಿನ ಸರಕಾರಿ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅನ್ನುವ ಮೂವರು ಅಮೆರಿಕದ ವಿಜ್ಞಾನಿಗಳು ರಾಜಧಾನಿ ಬುಕಾರೆಸ್ಟ್‌ಗೆ ಹೋದರು. ಅಲ್ಲಿನ ಸಂಸ್ಥೆಗಳಲ್ಲಿದ್ದ 136 ಕೂಸುಗಳನ್ನು ಆರಿಸಿಕೊಂಡರು. ಎಲ್ಲ ಸುಮಾರು ಆರು ತಿಂಗಳಿಂದ ಎರಡೂವರೆ ವರ್ಷದ ತನಕದವು. ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ, 68 ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದರು. ಉಳಿದ 68 ಮಕ್ಕಳು ಸಂಸ್ಥೆಯಲ್ಲೇ ಉಳಿದರು. ಇದು ಸರಿನಾ ಅಂತ ನಿಮಗೆ ಅನ್ನಿಸಬಹುದು. ಆಗಲೂ ಬಹಳ ಚರ್ಚೆ ಆಯಿತು. ಆ ಊರಿನಲ್ಲಿ ಆಗ ಸಾಕು ಕುಟುಂಬ ಅನ್ನುವ ಏರ್ಪಾಟೇ ಹೆಚ್ಚುಕಡಿಮೆ ಇರಲಿಲ್ಲ. ಇವರೇ ಕಟ್ಟಿ ನಿಲ್ಲಿಸಬೇಕಾಯಿತು. ಸಂಸ್ಥೆಯಲ್ಲಿ ಉಳಿದ ಮಗುವನ್ನು ಆಮೇಲೆ ಯಾರಾದರೂ ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂದರೆ ಇವರು ತಡೆಯುತ್ತಿರಲಿಲ್ಲ.

2007ರಲ್ಲಿ ಫಲಿತಾಂಶ ಪ್ರಕಟವಾಯಿತು. ನಾಲ್ಕೂವರೆ ವರ್ಷಕ್ಕೆ ಬುದ್ಧಿಮಟ್ಟದ ಪರೀಕ್ಷೆ ಮಾಡಿದಾಗ, ಸಂಸ್ಥೆಯ ಗುಂಪಿನ ಸರಾಸರಿ ಅಂಕ ಸುಮಾರು 73. ಸಾಕು ಮನೆಗಳಿಗೆ ಹೋದವರದ್ದು 81. ಮೊದಲಿನಿಂದಲೂ ಸ್ವಂತ ತಂದೆ-ತಾಯಿ ಜೊತೆ ಬೆಳೆದ ಅದೇ ಊರಿನ ಮಕ್ಕಳದ್ದು 109. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಮಕ್ಕಳು ಜಾಸ್ತಿ ಚೇತರಿಸಿಕೊಂಡಿದ್ದರು. ಆ ಸಂಸ್ಥೆಗಳಲ್ಲಿ ಊಟ ಇತ್ತು, ಹಾಸಿಗೆ ಇತ್ತು, ಡಾಕ್ಟರೂ ಇದ್ದರು. ಅತ್ತಾಗ ಪ್ರತಿ ಸಲ ಅದೇ ಒಬ್ಬ ಮನುಷ್ಯ ಬಂದು ಎತ್ತಿಕೊಳ್ಳುವುದು ಮಾತ್ರ ಇರಲಿಲ್ಲ. ಆಯಾಗಳು ಶಿಫ್ಟ್ ಮೇಲೆ ಬದಲಾಗುತ್ತಿದ್ದರು. ರೊಮೇನಿಯಾ 2004ರಲ್ಲಿ ಕಾನೂನು ಮಾಡಿ, ಗಂಭೀರ ಅಂಗವೈಕಲ್ಯ ಇರುವವರನ್ನು ಬಿಟ್ಟು, ಎರಡು ವರ್ಷದ ಒಳಗಿನ ಮಕ್ಕಳನ್ನು ಸಂಸ್ಥೆಗೆ ಹಾಕೋದನ್ನು ನಿಲ್ಲಿಸಿತು.

ಕೋಣೆ ಕಟ್ಟಿಸೋದರಲ್ಲಿ ಇನ್ನೊಂದು ತೊಂದರೆ ಇದೆ. ಕಟ್ಟಿದ ಕೋಣೆಗೆ ಮಕ್ಕಳು ಬೇಕಲ್ಲ? ಜಗತ್ತಿನಲ್ಲಿ ಅನಾಥಾಲಯಗಳಲ್ಲಿ ಇರುವ ಐದು ಮಕ್ಕಳಲ್ಲಿ ನಾಲ್ವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಅಂತ ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳೇ ಲೆಕ್ಕ ಹಾಕಿ ಹೇಳಿವೆ. ಕಾಂಬೋಡಿಯಾದಲ್ಲಿ 2005ರಿಂದ 2010ರ ಒಳಗೆ ಅನಾಥಾಲಯಗಳು ಭಾರೀ ಏರಿದವು. ಅದೇ ಕಾಲಕ್ಕೆ ದೇಶದಲ್ಲಿ ಅನಾಥರು ಹೆಚ್ಚಾಗಿರಲಿಲ್ಲ. ಹೆಚ್ಚಾಗಿದ್ದು ಪ್ರವಾಸಿಗರು ಮತ್ತು ಅವರ ಡಾಲರ್. ಬಡ ತಾಯಂದಿರಿಗೆ "ನಿಮ್ಮ ಮಗುವಿಗೆ ಇಂಗ್ಲಿಷ್ ಕಲಿಸುತ್ತೇವೆ, ಮೂರು ಹೊತ್ತು ಊಟ ಹಾಕುತ್ತೇವೆ" ಅಂತ ಹೇಳಿ ಮಕ್ಕಳನ್ನು ತಂದು ತುಂಬಿಸಿದರು. ಕೀನ್ಯಾದಲ್ಲೂ ಇಂಥ ದೂರುಗಳು ಇದ್ದವು. 2017ರ ನವೆಂಬರ್‌ನಲ್ಲಿ ಅಲ್ಲಿನ ಸರಕಾರ ಹೊಸ ಅನಾಥಾಲಯಗಳ ನೋಂದಣಿಯನ್ನೇ ನಿಲ್ಲಿಸಿತು. 2022ರಲ್ಲಿ ಹತ್ತು ವರ್ಷದ ಯೋಜನೆ ಮಾಡಿ, ಮಕ್ಕಳನ್ನು ಸಂಸ್ಥೆಗಳಿಂದ ಮನೆಗಳಿಗೆ ಕಳಿಸಬೇಕು ಅಂತ ತೀರ್ಮಾನಿಸಿತು. ಅದೇ ಭಾಗದ ರುವಾಂಡಾ ದೇಶ ಇದನ್ನು 2012ರಲ್ಲೇ ಶುರು ಮಾಡಿತ್ತು. ಅಂದರೆ ಆ ದೇಶವೇ ಮುಚ್ಚಬೇಕು ಅಂತ ಹೊರಟಿರುವ ಕಟ್ಟಡಕ್ಕೆ ನೀವು ಜಮಖಂಡಿಯಿಂದ ಕೋಣೆ ಕಟ್ಟಿಸಿದ ಹಾಗಾಗುತ್ತದೆ.

"ಹಾಗಾದರೆ ನಮ್ಮ ಮಠಗಳ ಪ್ರಸಾದ ನಿಲಯ ಕೆಟ್ಟದ್ದಾ?" ಅಂತ ಸಂಘದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ. ಅಲ್ಲಿಗೆ ಹುಡುಗ ಓದುವುದಕ್ಕೆ ಬರುತ್ತಾನೆ, ಅದೂ ಸ್ವಲ್ಪ ದೊಡ್ಡವನಾದ ಮೇಲೆ. ಪಂಚಮಿಗೆ ಊರಿಗೆ ಹೋಗುತ್ತಾನೆ, ದೀಪಾವಳಿಗೆ ಹೋಗುತ್ತಾನೆ, ಬೇಸಿಗೆ ರಜೆ ಪೂರ್ತಿ ಹೊಲದಲ್ಲಿರುತ್ತಾನೆ. ಅಪ್ಪ ಎರಡು ತಿಂಗಳಿಗೊಮ್ಮೆ ಬುತ್ತಿ ತಗೊಂಡು ಬರುತ್ತಾನೆ. ಎರಡು ವರ್ಷದ ಕೂಸನ್ನು ಸಾಲು ಮಂಚದ ಮೇಲೆ ಮಲಗಿಸಿ ಬೆಳೆಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಸರಿ, ಕುಟುಂಬ ಅಂತಾಯಿತು. ಯಾವ ಕುಟುಂಬ? ಇಲ್ಲಿ ನನ್ನದೊಂದು ಹಟ ಇದೆ. ಮೊದಲ ಪಾಳಿ ಮಗುವಿನ ಸ್ವಂತದವರದ್ದು. ಅಜ್ಜಿ, ಚಿಕ್ಕಪ್ಪ, ಸೋದರತ್ತೆ, ಇವರೆಲ್ಲ ಆದ ಮೇಲೆ ಹೊರಗಿನ ಮನೆ. ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಂಡೆಯಲ್ಲಿ. ಸುತ್ತಲಿನ ಜಿಲ್ಲೆಗಳಾದ ಸಿಯಾಯಾ, ಹೋಮಾ ಬೇ, ಮಿಗೋರಿ ಇಡೀ ಕೀನ್ಯಾದಲ್ಲೇ ಎಚ್‌ಐವಿ ಜಾಸ್ತಿ ಇರುವ ಜಾಗ. ಊರಿನಿಂದ ಪೂರ್ವಕ್ಕೆ ಹೋದರೆ ಚೆಮೆಲಿಲ್, ಮುಹೊರೋನಿ ಕಡೆ ಕಬ್ಬಿನ ಹೊಲ, ಸಕ್ಕರೆ ಕಾರ್ಖಾನೆ. ಮುಧೋಳ-ಜಮಖಂಡಿಯವರಿಗೆ ಪರಿಚಯದ ನೋಟ. ಕಾಯಿಲೆಯೂ ಪರಿಚಯದ್ದೇ. ಬಾಗಲಕೋಟೆ ಒಂದು ಕಾಲಕ್ಕೆ ನಮ್ಮ ರಾಜ್ಯದಲ್ಲಿ ಎಚ್‌ಐವಿ ಅತಿ ಹೆಚ್ಚು ಇದ್ದ ಜಿಲ್ಲೆಗಳಲ್ಲಿ ಒಂದು. ಬೆಳಗಾವಿ, ವಿಜಯಪುರಕ್ಕೂ ಆ ಬಿಸಿ ತಟ್ಟಿತ್ತು. ಮಗ ಹೋದ, ಸೊಸೆ ಹೋದಳು, ಮೊಮ್ಮಕ್ಕಳು ಆಯಿಯ ಹತ್ತಿರ ಉಳಿದವು. ಅಲ್ಲಿಯೂ ಇದೇ ಕಥೆ. "ಅನಾಥ ಮತ್ತು ಅಪಾಯದಲ್ಲಿರುವ ಮಕ್ಕಳು" ಅನ್ನುವ ವರ್ಗವನ್ನು ದೊಡ್ಡ ಸಂಸ್ಥೆಗಳು ಬಳಸಲು ಶುರು ಮಾಡಿದ್ದೇ ಏಡ್ಸ್ ಕಾಲದಲ್ಲಿ. ತಂದೆ-ತಾಯಿಯಲ್ಲಿ ಒಬ್ಬರು ಹೋದರೂ ವಿಶ್ವಸಂಸ್ಥೆಯ ಮಕ್ಕಳ ವಿಭಾಗವಾದ ಯುನಿಸೆಫ್ ಆ ಮಗುವನ್ನು ಅನಾಥ ಅಂತಲೇ ಎಣಿಸುತ್ತದೆ. ಅದಕ್ಕೇ ದೊಡ್ಡ ಸಂಖ್ಯೆ ಕೇಳಿ ಗಾಬರಿ ಆಗಬೇಡಿ. ಅವರಲ್ಲಿ ಬಹಳಷ್ಟು ಮಕ್ಕಳಿಗೆ ಮನೆ ಇದೆ. ಮನೆಯಲ್ಲಿ ದುಡ್ಡಿಲ್ಲ.

ಮುಧೋಳ ತಾಲೂಕಿನ ಒಂದು ಹಳ್ಳಿಯ ಆಯಿಯ ಮನೆಗೆ ನಾನು ಹೋಗುತ್ತಿದ್ದೆ. ಎರಡು ಮೊಮ್ಮಕ್ಕಳು. ಸಣ್ಣವಳಿಗೆ ಎಚ್‌ಐವಿ ಇತ್ತು. ಗುಳಿಗೆ ಸರಕಾರಿ ಕೇಂದ್ರದಲ್ಲಿ ಪುಕ್ಕಟೆ. ಆದರೆ ಗುಳಿಗೆ ತರಲು ತಿಂಗಳಿಗೊಮ್ಮೆ ಬಸ್ ಹತ್ತಬೇಕು. ಆಗ ಶಕ್ತಿ ಯೋಜನೆ ಇರಲಿಲ್ಲ. ಚಾರ್ಜ್ ಕೊಡಬೇಕು, ಆ ದಿನದ ಕೂಲಿಯೂ ಹೋಗಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ಒಂದು ದಿನದ ಕೂಲಿ ಬಿಡುವುದು ಸಣ್ಣ ಮಾತಲ್ಲ. ಹಾಗಾಗಿ ಒಂದೊಂದು ತಿಂಗಳು ಗುಳಿಗೆ ತಪ್ಪುತ್ತಿತ್ತು. ನೋಡಿದವರೆಲ್ಲ "ಹುಡುಗಿಯನ್ನು ಹಾಸ್ಟೆಲ್‌ಗೆ ಹಾಕಿ, ಆಯಿಗೆ ಆಗೋದಿಲ್ಲ" ಅನ್ನುತ್ತಿದ್ದರು. ಆಯಿಗೆ ಬೇಕಾಗಿದ್ದು ಬಸ್ ಚಾರ್ಜ್, ಒಂದು ದಿನದ ಕೂಲಿ, ದಿನಕ್ಕೆ ಒಂದು ಲೋಟ ಹಾಲು. ಅಷ್ಟು ಸಿಕ್ಕ ಮೇಲೆ ಹುಡುಗಿ ಅಲ್ಲೇ ಉಳಿದಳು.

ಕೀನ್ಯಾ ಸರಕಾರಕ್ಕೂ ಇದು ಗೊತ್ತಿದೆ. 2004ರಲ್ಲಿ ಶುರುವಾದ ಒಂದು ಯೋಜನೆಯಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿರುವ ಬಡ ಮನೆಗಳಿಗೆ ನಗದು ಕೊಡುತ್ತಾರೆ. ತಿಂಗಳಿಗೆ 2,000 ಶಿಲ್ಲಿಂಗ್ (ಅಲ್ಲಿನ ದುಡ್ಡು) ಅಂತ ನಿಗದಿ ಮಾಡಿ ಬಹಳ ವರ್ಷ ನಡೆಸಿದ್ದಾರೆ. ಆದರೆ ಎಲ್ಲ ಮನೆಗಳೂ ಆ ಪಟ್ಟಿಯಲ್ಲಿ ಬರುವುದಿಲ್ಲ. ಪ್ರಾಥಮಿಕ ಶಾಲೆಗೆ 2003ರಿಂದ ಫೀ ಇಲ್ಲ. ಯೂನಿಫಾರ್ಮ್, ಶೂ, ಪರೀಕ್ಷೆ ಅದು ಇದು ಅಂತ ಖರ್ಚು ಇದ್ದೇ ಇದೆ. ಆದ್ದರಿಂದ ನಿಮ್ಮ ಸಂಸ್ಥೆ ಅಜ್ಜಿ-ಚಿಕ್ಕಪ್ಪಂದಿರ ಮನೆಗಳಿಗೂ ನೆರವು ಕೊಡುತ್ತದಾ ಅಂತ ಕೇಳಿ. "ಇಲ್ಲ, ನಾವು ಹೊರಗಿನ ಸಾಕು ಕುಟುಂಬಗಳಿಗೆ ಮಾತ್ರ ಕೊಡುತ್ತೇವೆ" ಅಂದರೆ ನನಗೆ ಅನುಮಾನ ಬರುತ್ತದೆ. ಅಲ್ಲಿ ಏನಾಗುತ್ತದೆ ಗೊತ್ತಾ? ಬಡ ತಾಯಿಗೆ ತನ್ನ ಮಗುವನ್ನು ತಾನೇ ಸಾಕಲು ಬಿಡಿಗಾಸಿಲ್ಲ. ಅದೇ ಮಗು ಪಕ್ಕದ ಮನೆಗೆ ಹೋದರೆ ಪಕ್ಕದ ಮನೆಯವರಿಗೆ ತಿಂಗಳಾ ದುಡ್ಡು. ಮಗುವನ್ನು ಮನೆಯಿಂದ ಹೊರಗೆ ಕಳಿಸಿ ಅಂತ ನಾವೇ ಹೇಳಿಕೊಟ್ಟ ಹಾಗೆ.

ಹಾಗಂತ ಸಾಕು ಕುಟುಂಬ ಬೇಡ ಅಂತಲ್ಲ. ಆಸ್ಪತ್ರೆಯಲ್ಲಿ ಬಿಟ್ಟು ಹೋದ ಕೂಸು, ಮನೆಯಲ್ಲೇ ಹೊಡೆತ ಅಥವಾ ಲೈಂಗಿಕ ಹಿಂಸೆ ತಿಂದ ಮಗು, ಯಾವ ನೆಂಟನೂ ಮುಂದೆ ಬಾರದ ಮಗು ಇವಕ್ಕೆಲ್ಲ ಬೇರೆ ಮನೆ ಬೇಕೇ ಬೇಕು. ಯುದ್ಧದ ಜಾಗಗಳಲ್ಲಂತೂ ಇನ್ನೂ ಹೆಚ್ಚು.

ಇನ್ನು ನಿಮ್ಮ ಸಂಘದವರ ಮುಖ್ಯ ಆಕ್ಷೇಪ: ದುಡ್ಡಿನ ಸಲುವಾಗಿ ಮಗು ಇಟ್ಟುಕೊಳ್ಳೋರು ಎಂಥವರು? ನಮ್ಮ ಅಂಗನವಾಡಿ ಟೀಚರ್‌ಗೆ ಗೌರವಧನ ಬರುತ್ತದೆ. ಅದಕ್ಕೇ ಅವರು ಮಕ್ಕಳನ್ನು ಎತ್ತಿಕೊಳ್ಳುತ್ತಾರೆ ಅಂತ ಯಾರೂ ಅನ್ನೋದಿಲ್ಲ ಅಲ್ವಾ? ಇಂಗ್ಲೆಂಡಿನಲ್ಲಿ ಸಾಕು ಕುಟುಂಬಗಳಿಗೆ ವಾರಕ್ಕೆ ಕನಿಷ್ಠ ಇಷ್ಟು ಕೊಡಬೇಕು ಅಂತ ಸರಕಾರವೇ ಪ್ರತಿ ವರ್ಷ ಗೊತ್ತು ಮಾಡುತ್ತದೆ. ರೊಮೇನಿಯಾದಲ್ಲಿ ಸಾಕು ತಾಯಿಗೆ ಪಗಾರವೇ ಇದೆ. ನಮ್ಮ ದೇಶದಲ್ಲಿ ಮಕ್ಕಳ ರಕ್ಷಣೆಗೆ ಕೇಂದ್ರ ಸರಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯಡಿ ಸಾಕು ಕುಟುಂಬಕ್ಕೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಇನ್ನೊಂದು ಬಾಯಿ ಮನೆಗೆ ಬಂದರೆ ಹಿಟ್ಟು ಜಾಸ್ತಿ ಬೇಕು, ಎಣ್ಣೆ ಜಾಸ್ತಿ ಬೇಕು. ಅದರಲ್ಲಿ ನಾಚಿಕೆ ಏನಿದೆ?

ಆದರೂ ಸಂಘದವರ ಮಾತನ್ನು ಪೂರ್ತಿ ತಳ್ಳಿ ಹಾಕಬೇಡಿ. ಆ ಭಯಕ್ಕೆ ಕಾರಣ ಇದೆ. ನಮ್ಮ ಊರುಗಳಲ್ಲೇ ನೋಡಿ. "ಪಾಪ, ತಾಯಿ ಇಲ್ಲದ ಹುಡುಗಿ, ನಾವೇ ಸಾಕಿಕೊಂಡಿದ್ದೇವೆ" ಅನ್ನುತ್ತಾರೆ. ಒಳಗೆ ಹೋಗಿ ನೋಡಿದರೆ ಆ ಹುಡುಗಿ ಬೆಳಗ್ಗೆ ಐದಕ್ಕೆ ಎದ್ದು ಮುಸುರೆ ತಿಕ್ಕುತ್ತಿರುತ್ತಾಳೆ. ಶಾಲೆಯಲ್ಲಿ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಕೀನ್ಯಾದಲ್ಲೂ ನೀರು ಹೊರಲು, ದನ ಕಾಯಲು, ಕೂಸು ನೋಡಿಕೊಳ್ಳಲು ಅಂತ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಮನೆಗಳಿವೆ. ಒಳ್ಳೆಯ ಮನೆ, ಕೆಟ್ಟ ಮನೆ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅರ್ಜಿಯಲ್ಲೂ ಒಂದೇ ಥರ. ಗೊತ್ತಾಗೋದು ಯಾರಾದರೂ ಒಳಗೆ ಹೋದಾಗ, ಮತ್ತೆ ಮತ್ತೆ ಹೋದಾಗ.

ಕಿಸುಮು ಹೊರಗಿನ ಒಂದು ಹಳ್ಳಿಯಲ್ಲಿ ಹಾಗೆ ಮನೆ ಮನೆಗೆ ಹೋಗಿ ನೋಡುವ ಸಂಸ್ಥೆಯ ಒಬ್ಬ ಕಾರ್ಯಕರ್ತೆಯ ಹಿಂದೆ ನಾನು ಒಂದು ದಿನ ಸುಮ್ನೆ ಓಡಾಡಿದ್ದೆ. ಅವಳು ಮೊದಲೇ ಹೇಳಿ ಹೋಗಲಿಲ್ಲ. ಮಗು ಶಾಲೆಯಿಂದ ಬರುವುದಕ್ಕೆ ಮುಂಚೆ ಹೋದಳು. ಚಹಾ ಕುಡಿಯುತ್ತಾ ಒಲೆ ಹತ್ತಿರದ ತಟ್ಟೆಗಳನ್ನು ಎಣಿಸಿದಳು. ಮನೆಯಲ್ಲಿ ಆರು ಜನ, ತಟ್ಟೆಯೂ ಆರು. ಮಕ್ಕಳು ಮಲಗುವ ಜಾಗ ತೋರಿಸಿ ಅಂದಳು. ಸರೋವರದ ಸುತ್ತ ಮಲೇರಿಯಾ ಜೋರು, ಆದ್ದರಿಂದ ಸೊಳ್ಳೆ ಪರದೆ ಎತ್ತಿ ನೋಡಿದಳು. ಮನೆ ಮಕ್ಕಳ ಪರದೆ ಸರಿಯಿತ್ತು, ಬಂದ ಮಗುವಿನದ್ದು ಹರಿದಿತ್ತು. ಏನೂ ಅನ್ನಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡಳು. ಮಕ್ಕಳು ಬಂದ ಮೇಲೆ ಎಲ್ಲರ ಶೂ ನೋಡಿದಳು. ಆಮೇಲೆ ಆ ಹುಡುಗನನ್ನು ಕರೆದುಕೊಂಡು ನೀರು ತರುವ ಜಾಗದ ತನಕ ನಡೆದಳು. ಎಷ್ಟು ಹೊತ್ತಿಗೆ ಏಳುತ್ತೀ, ನೀರು ಯಾರು ತರುತ್ತಾರೆ, ನಿನ್ನೆ ಸಿಟ್ಟು ಬಂದದ್ದು ಯಾರಿಗೆ, ಇಂಥ ಸಣ್ಣ ಸಣ್ಣ ಪ್ರಶ್ನೆ. ವಾಪಸ್ ಬರುವಾಗ ಮನೆಯಾಕೆಗೆ ಪರದೆಯ ಮಾತು ಎತ್ತಿದಳು. ಆಕೆ ಅಳು ಮುಖ ಮಾಡಿಕೊಂಡು, ಆ ತಿಂಗಳ ದುಡ್ಡು ತಡವಾಗಿ ಬಂತು ಅಂದಳು. ತಪ್ಪು ಸಂಸ್ಥೆಯದ್ದೇ ಆಗಿತ್ತು! ಕಾರ್ಯಕರ್ತೆ ಅದನ್ನೂ ಬರೆದುಕೊಂಡಳು. ದುಡ್ಡು ಮೊಬೈಲ್‌ಗೇ ಬರುತ್ತದೆ, ಎಂ-ಪೆಸಾ ಅಂತ ಅಲ್ಲಿ 2007ರಿಂದ ಇದೆ. ಆದ್ದರಿಂದ ಯಾವ ದಿನ ಬಂತು ಅನ್ನುವುದನ್ನು ಫೋನ್ ತೆಗೆದು ತೋರಿಸಲು ಆಕೆಗೆ ಕಷ್ಟವಾಗಲಿಲ್ಲ.

ಈ ಕಾರ್ಯಕರ್ತೆಯ ಪಗಾರ, ಬೈಕ್ ಪೆಟ್ರೋಲ್, ಫೋನ್ ಖರ್ಚು ಇವೆಲ್ಲ ಸಂಸ್ಥೆಯ ಲೆಕ್ಕದಲ್ಲಿ ಎಲ್ಲಿ ಬರುತ್ತವೆ ಗೊತ್ತಾ? ಎಷ್ಟೋ ಸಲ "ಆಡಳಿತ ವೆಚ್ಚ" ಅನ್ನುವ ಸಾಲಿನಲ್ಲಿ. ಕೊಡುವವರಿಗೆ ಆ ಸಾಲು ಕಂಡರೆ ಆಗೋದಿಲ್ಲ. "ನಾವು ಕೊಟ್ಟ ರೂಪಾಯಿ ಪೂರ್ತಿ ಮಗುವಿಗೇ ಹೋಗಬೇಕು" ಅನ್ನುತ್ತಾರೆ. ಕೆಲವು ಸಂಸ್ಥೆಗಳು ಹಾಗಂತಲೇ ಹೇಳಿಕೊಂಡು ದುಡ್ಡು ಎತ್ತುತ್ತವೆ. ನನಗೆ ಅದನ್ನು ಕೇಳಿದರೆ ಭಯ ಆಗುತ್ತದೆ. ಪುಸ್ತಕ ಹಂಚುವ ಸಂಸ್ಥೆಗೆ ಆಡಳಿತ ವೆಚ್ಚ ಕಡಿಮೆ ಇರಲಿ, ಸರಿ. ಗುರುತಿಲ್ಲದ ಮನೆಯಲ್ಲಿ ಮಗುವನ್ನು ಬಿಟ್ಟು ಬರುವ ಸಂಸ್ಥೆಗೆ ಆ ಖರ್ಚೇ ಮುಖ್ಯ ಕೆಲಸ. ನಿಮ್ಮ ಮೂರು ಸಾವಿರದಲ್ಲಿ ಸಾವಿರ ರೂಪಾಯಿ ಆ ಬೈಕ್‌ಗೆ ಹೋದರೆ ಸಂತೋಷಪಡಿ.

ಹಾಗಾಗಿ ಮಗನ ಕೈಯಲ್ಲಿ ಒಂದು ಪತ್ರ ಕಳಿಸಿ. ಒಬ್ಬ ಕಾರ್ಯಕರ್ತೆ ಎಷ್ಟು ಮನೆ ನೋಡಿಕೊಳ್ಳುತ್ತಾಳೆ ಅಂತ ಕೇಳಿ. ಹದಿನೈದು-ಇಪ್ಪತ್ತು ಅಂದರೆ ನಿಜವಾಗಿ ನೋಡಬಹುದು. ಎಂಬತ್ತು ಅಂದರೆ ಫಾರ್ಮ್ ತುಂಬುತ್ತಾಳೆ ಅಷ್ಟೇ, ಇದು ನನ್ನ ಅನುಭವದ ಲೆಕ್ಕ. ಸರಕಾರದ ಮಕ್ಕಳ ಅಧಿಕಾರಿಗೆ ಪ್ರತಿ ಮಗುವಿನ ವಿಷಯ ಗೊತ್ತಿದೆಯಾ ಅಂತ ಕೇಳಿ. ಕೀನ್ಯಾದಲ್ಲಿ 2022ರ ಮಕ್ಕಳ ಕಾಯ್ದೆ ಬಂದಿದೆ. ಅಧಿಕಾರಿಗೆ ಗೊತ್ತಿಲ್ಲದೆ, ಪಾಸ್ಟರ್ ಹೇಳಿದರು ಅಂತ ಮಗುವನ್ನು ಒಂದು ಮನೆಯಲ್ಲಿ ಬಿಡುವುದು ನಡೆಯೋದಿಲ್ಲ. ಸಂಸ್ಥೆಯ ನೋಂದಣಿಯನ್ನೂ ನೋಡಿ. 2024ರಿಂದ ಅಲ್ಲಿ ಇಂಥ ಸಂಸ್ಥೆಗಳಿಗೆ ಹೊಸ ಕಾಯ್ದೆ, ಹೊಸ ಪ್ರಾಧಿಕಾರ ಬಂದಿದೆ. ನಿಮ್ಮ ಮಗ ವಿಚಾರಿಸಬಹುದು. ಅಣ್ಣ-ತಂಗಿಯರನ್ನು ಒಂದೇ ಮನೆಯಲ್ಲಿ ಇಡುತ್ತಾರಾ? ಮನೆಯಲ್ಲಿ ತೊಂದರೆ ಆದರೆ ಮಗು ಯಾರಿಗೆ ಹೇಳಬೇಕು ಅಂತ ಮಗುವಿಗೆ ಗೊತ್ತಿದೆಯಾ? ಅಲ್ಲಿ 116 ಅನ್ನುವ ಮಕ್ಕಳ ಸಹಾಯವಾಣಿ ನಂಬರ್ ಇದೆ, ನಮ್ಮ 1098 ಇದ್ದ ಹಾಗೆ. ಹದಿನೆಂಟು ತುಂಬಿದ ಮರುದಿನ ಹುಡುಗ ಎಲ್ಲಿ ಹೋಗುತ್ತಾನೆ? ಈ ಕೊನೆಯ ಪ್ರಶ್ನೆಗೆ ಬಹಳ ಸಂಸ್ಥೆಗಳು ತಡವರಿಸುತ್ತವೆ. ತಡವರಿಸಿದರೂ ಪರವಾಗಿಲ್ಲ, ಯೋಚನೆ ಮಾಡುತ್ತಿದ್ದೇವೆ ಅಂದರೆ ಸಾಕು.

ಫೋಟೋ, ಪತ್ರದ ವಿಷಯ. ನಿಮ್ಮ ಆಸೆ ಸಹಜ. ಆದರೂ ಬೇಡ ಅಂತಲೇ ಹೇಳುತ್ತೇನೆ. ಒಂದು ಮಗುವಿನ ಹೆಸರಿಗೆ ದುಡ್ಡು ಕಟ್ಟಿಸಿದರೆ ಆ ಮಗು ಮನೆಯಲ್ಲೂ ಶಾಲೆಯಲ್ಲೂ "ಹೊರದೇಶದ ದುಡ್ಡಿನ ಮಗು" ಆಗುತ್ತದೆ. ಅದಕ್ಕೆ ಹೊಸ ಬ್ಯಾಗ್, ಆ ಮನೆಯ ಸ್ವಂತ ಮಗುವಿಗೆ ಹರಿದ ಬ್ಯಾಗ್. ಆಮೇಲೆ ಆ ಇಬ್ಬರು ಮಕ್ಕಳು ಒಂದೇ ಹಾಸಿಗೆಯಲ್ಲಿ ಹೇಗೆ ಮಲಗುತ್ತಾರೆ? ದುಡ್ಡು ಇಡೀ ಮನೆಗೆ, ಸಾಧ್ಯವಾದರೆ ಇಡೀ ಯೋಜನೆಗೆ ಹೋಗಲಿ. ಇನ್ನೊಂದು ಕಾರಣವೂ ಇದೆ. ಮಗು ತನ್ನ ಚಿಕ್ಕಮ್ಮನ ಹತ್ತಿರ ವಾಪಸ್ ಹೋದರೆ ಅದು ಖುಷಿಯ ಸುದ್ದಿ. ಆದರೆ ಹೆಸರಿಟ್ಟು ದುಡ್ಡು ಕೊಟ್ಟವರಿಗೆ "ನಮ್ಮ ಮಗು ಹೋಯಿತು" ಅನ್ನಿಸುತ್ತದೆ. ಅವರಿಗೆ ಬೇಜಾರಾದೀತು ಅಂತ ಸಂಸ್ಥೆಯವರು ಮಗುವನ್ನು ಕಳಿಸಲು ಹಿಂದೆ ಮುಂದೆ ನೋಡುವುದೂ ಉಂಟು. ಫೇಸ್‌ಬುಕ್‌ನಲ್ಲಿ ಮಕ್ಕಳ ಮುಖ, ಹೆಸರು, "ಇವಳಿಗೆ ಎಚ್‌ಐವಿ ಇದೆ" ಅಂತೆಲ್ಲ ಹಾಕುವ ಸಂಸ್ಥೆಯಾದರೆ ಅಲ್ಲಿಗೇ ನಿಲ್ಲಿಸಿ. ವರ್ಷಕ್ಕೊಮ್ಮೆ ಹೆಸರಿಲ್ಲದ ವರದಿ ಕೇಳಿ. ಎಷ್ಟು ಮಕ್ಕಳು ಬಂದರು, ಎಷ್ಟು ಮಕ್ಕಳು ಸ್ವಂತದವರ ಹತ್ತಿರ ಹೋದರು, ಎಷ್ಟು ಮನೆಗಳನ್ನು ಸರಿಯಿಲ್ಲ ಅಂತ ಕೈಬಿಟ್ಟರು. ಕೊನೆಯ ಸಂಖ್ಯೆ ಸೊನ್ನೆ ಅಂತ ಬರೆದಿದ್ದರೆ ನಾನಂತೂ ನಂಬೋದಿಲ್ಲ.

ಮೊಮ್ಮಗ ಕಿಸುಮುಗೆ ಹೋಗಲಿ. ಮಾಮಾನ ಮನೆಯಲ್ಲಿರಲಿ, ಸರೋವರ ನೋಡಲಿ. ಆ ಮಕ್ಕಳ ಮನೆಗಳಿಗೆ ಬೇಡ. ಹದಿನೈದು ದಿನ ಎತ್ತಿ ಆಡಿಸಿ, ಬೆಲ್ ಹೊಡೆದ ಹಾಗೆ ಹೊರಟು ಹೋಗುವ ಅಣ್ಣಂದಿರು ಆ ಮಕ್ಕಳಿಗೆ ಈಗಾಗಲೇ ಜಾಸ್ತಿ ಆಗಿದ್ದಾರೆ. ಅಂಥ ಮಗುವನ್ನು ಮುಂದೆ ಜಮಖಂಡಿಗೆ ಕರೆತಂದು ಸಾಕುವ ಯೋಚನೆ ಇದ್ದರೆ, ನೀವು ಕೇಳಿಲ್ಲ, ಆದರೂ ಬಹಳ ಜನ ಕೇಳುತ್ತಾರೆ, ಅದನ್ನೂ ಬಿಡಿ. ಕೀನ್ಯಾ 2014ರಲ್ಲೇ ತನ್ನ ಮಕ್ಕಳನ್ನು ಹೊರದೇಶಕ್ಕೆ ದತ್ತಕ ಕೊಡುವುದನ್ನು ತಡೆಹಿಡಿದ ದೇಶ.

"ನಮ್ಮಲ್ಲೇ ಇಲ್ವಾ?" ಅನ್ನುವುದಕ್ಕೆ ಉತ್ತರ: ಇದ್ದಾರೆ. ಅವರಿಗೆ ನಿಮ್ಮ ದುಡ್ಡಿಗಿಂತ ನಿಮ್ಮ ಅಕ್ಷರ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ಭಾಗ ಇದೆ. ವಿಧವೆ ತಾಯಿಯ ಮಕ್ಕಳು, ಗಂಡ ಬಿಟ್ಟವಳ ಮಕ್ಕಳು, ಅಜ್ಜಿ ಹತ್ತಿರ ಬೆಳೆಯುವ ಅನಾಥರು, ತಂದೆ-ತಾಯಿಗೆ ದೊಡ್ಡ ಕಾಯಿಲೆ ಇರುವ ಮಕ್ಕಳು ಇದರಲ್ಲಿ ಬರುತ್ತಾರೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮನೆಯ ವರ್ಷದ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ದಾಟಿರಬಾರದು. ಅರ್ಜಿ ಬಾಗಲಕೋಟೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಶಾಲೆಯ ಪತ್ರ, ಪಾಸ್‌ಬುಕ್ ಇವುಗಳಲ್ಲಿ ಒಂದು ಕಡಿಮೆ ಇದ್ದರೂ ಅರ್ಜಿ ಅಲ್ಲೇ ಕೂರುತ್ತದೆ. ಎಷ್ಟೋ ತಾಯಂದಿರು ಎರಡು ಸಲ ಓಡಾಡಿ ಕೈಬಿಡುತ್ತಾರೆ. ನಿಮ್ಮ ಸಂಘದಲ್ಲಿ ಓದಿದವರು ಇದ್ದಾರಲ್ಲ, ತಿಂಗಳಿಗೆ ಒಂದು ಮನೆ ಅಂತ ಹಿಡಿದು ಅರ್ಜಿ ಪೂರ್ತಿ ಮಾಡಿಸಿ. ಕೋಣೆ ಕಟ್ಟಿಸಿ ಅಂದವರನ್ನೇ ಮೊದಲು ಕರೆದುಕೊಂಡು ಹೋಗಿ. ಸಂಘದಲ್ಲಿ ಯಾರಿಗಾದರೂ ಮಗುವನ್ನು ಸಾಕಲು ಇಟ್ಟುಕೊಳ್ಳುವ ಮನಸ್ಸಿದ್ದರೆ ಅದಕ್ಕೂ ಅದೇ ಕಚೇರಿ. 2024ರ ಹೊಸ ಮಾರ್ಗಸೂಚಿಯಲ್ಲಿ ಒಂಟಿ ಮಹಿಳೆಯರಿಗೂ ಅವಕಾಶ ಇದೆ. ಎರಡು ವರ್ಷ ಸಾಕಿದ ಮೇಲೆ, ಮಗು ದತ್ತಕಕ್ಕೆ ಅರ್ಹ ಆಗಿದ್ದರೆ, ದತ್ತಕ ಕೇಳಬಹುದು. ಮೊದಲು ಇದು ಐದು ವರ್ಷ ಇತ್ತು.

ಈಗ ಬ್ಯಾಂಕ್. ಕಾಯ್ದೆಯ ತೊಡಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಇಲ್ಲಿ ವಾಸಿಸುವ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಹೊರದೇಶಕ್ಕೆ ಕಳಿಸಬಹುದು, ದಾನವೂ ಅದರಲ್ಲಿ ಬರುತ್ತದೆ. ನೀವು ಅದರ ಹತ್ತಿರವೂ ಸುಳಿಯೋದಿಲ್ಲ. ಪ್ಯಾನ್ ಕಾರ್ಡ್ ಕೊಟ್ಟು, ಹೊರದೇಶಕ್ಕೆ ದುಡ್ಡು ಕಳಿಸುವಾಗ ಕೊಡುವ ಎ2 ಫಾರ್ಮ್ ತುಂಬಬೇಕು. ವರ್ಷಕ್ಕೆ ಹತ್ತು ಲಕ್ಷ ದಾಟಿದರೆ ಮಾತ್ರ ಬ್ಯಾಂಕ್ ಮೊದಲೇ ತೆರಿಗೆ ಹಿಡಿಯುತ್ತದೆ. ಆದರೆ ಹೊರದೇಶದ ಸಂಸ್ಥೆಗೆ ಕೊಟ್ಟ ದಾನಕ್ಕೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಸಿಗೋದಿಲ್ಲ. ಪ್ರತಿ ಸಲ ಕಳಿಸುವಾಗಲೂ ಬ್ಯಾಂಕ್ ಚಾರ್ಜ್ ಬೀಳುತ್ತದೆ. ತಿಂಗಳಾ ಮೂರು ಸಾವಿರ ಕಳಿಸಿದರೆ ಒಳ್ಳೆಯ ಪಾಲು ದಾರಿಯಲ್ಲೇ ಕರಗುತ್ತದೆ. ವರ್ಷದ 36,000 ಒಟ್ಟಿಗೆ ಕಳಿಸಿ. ಇನ್ನೂ ಸುಲಭ ಅಂದರೆ ಮಗ ಅಲ್ಲಿಂದಲೇ ಶಿಲ್ಲಿಂಗ್‌ನಲ್ಲಿ ಕಟ್ಟಲಿ.

ಕೊಡುವುದಾದರೆ ಮೂರು ವರ್ಷ ಕೊಡುತ್ತೇವೆ ಅಂತ ಬರೆದು ಕೊಡಿ. ನಿಲ್ಲಿಸುವುದಾದರೆ ಆರು ತಿಂಗಳು ಮೊದಲೇ ಹೇಳುತ್ತೇವೆ ಅಂತಲೂ ಬರೆಯಿರಿ. ನಡುವೆ ದುಡ್ಡು ನಿಂತರೆ ಆ ಮನೆಯಲ್ಲಿ ಮೊದಲು ಕಡಿತ ಆಗೋದು ಹೊರಗಿನಿಂದ ಬಂದ ಮಗುವಿನದ್ದೇ. ಸಂಸ್ಥೆಯಿಂದ ಉತ್ತರ ಬಂದಾಗ ಒಬ್ಬ ಕಾರ್ಯಕರ್ತೆಗೆ ಎಷ್ಟು ಮನೆ ಅನ್ನುವ ಸಾಲು ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಇನ್ನೊಂದು ಸಲ ಕೇಳಿ. ಆಗಲೂ ಬರದಿದ್ದರೆ ಮಗನಿಗೆ ಬೇರೆ ಸಂಸ್ಥೆ ಹುಡುಕಲು ಹೇಳಿ.